ಹೊಳೆಯನ್ನು ಮೀಸಲು ಮಾಡಿದರೆ ಮೊಸಳೆ ಜಾಸ್ತಿ ಆಗ್ತಾವಾ?

ಕೃಷ್ಣಾ ದಂಡೆ:
ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಜಿಲ್ಲೆಯವನು. ನಮ್ಮ ಹೊಲ ಕೃಷ್ಣಾ ಹಿನ್ನೀರಿಗೆ ಹತ್ತಿಕೊಂಡೇ ಇದೆ. ಊರಲ್ಲಿ ಈಗ ಒಂದು ಮಾತು ಎದ್ದಿದೆ. ನಮ್ಮ ಕಡೆಯ ಹೊಳೆಯ ಒಂದಷ್ಟು ಉದ್ದವನ್ನು ವನ್ಯಜೀವಿ ಮೀಸಲು ಮಾಡಿಸಬೇಕು ಅಂತ ಕೆಲವು ಹುಡುಗರು ಅರ್ಜಿ ಬರೆಯುತ್ತಿದ್ದಾರೆ. ಮರಳು ದಂಧೆ ನಿಲ್ಲುತ್ತೆ, ನೀರುನಾಯಿ ಉಳಿಯುತ್ತವೆ ಅನ್ನೋದು ಅವರ ಆಸೆ. ಹಿರಿಯರು ಒಪ್ಪುತ್ತಿಲ್ಲ. ಈಗಲೇ ಮೊಸಳೆ ಕಾಟ ಇದೆ, ಮೀಸಲು ಆದರೆ ದನಕ್ಕೆ ನೀರು ಕುಡಿಸೋಕೂ ಇಳಿಯೋಕಾಗಲ್ಲ ಅಂತಾರೆ.

ಅವರ ಭಯ ಸುಳ್ಳಲ್ಲ. 2019ರ ಮಹಾಪೂರದಲ್ಲಿ ರಾಯಬಾಗ ಕಡೆ ಮುಳುಗಿದ ಮನೆಯ ಚಾವಣಿ ಮೇಲೆ ಮೊಸಳೆ ಕೂತಿದ್ದ ವಿಡಿಯೋ ನೀವೆಲ್ಲ ನೋಡಿರಬಹುದು. 2023ರಲ್ಲಿ ಕೊಲ್ಹಾರ ತಾಲ್ಲೂಕಿನ ರೈತರು ಹೊಲಕ್ಕೆ ಬಂದ ಮೊಸಳೆಯನ್ನು ಕಟ್ಟಿ ಟ್ರ್ಯಾಕ್ಟರ್‌ನಲ್ಲಿ ವಿದ್ಯುತ್ ಕಚೇರಿಗೇ ತಂದಿದ್ದರು. ರಾತ್ರಿ ಹೊತ್ತು ಕರೆಂಟ್ ಕೊಟ್ಟರೆ ಕತ್ತಲಲ್ಲಿ ನೀರು ಹಾಯಿಸೋದು ಹೇಗೆ, ಹಾವು ಮೊಸಳೆ ಕಚ್ಚಿದರೆ ಯಾರು ಹೊಣೆ ಅಂತ ಅವರ ಪ್ರಶ್ನೆ.

ನನ್ನ ಪ್ರಶ್ನೆ ಇಷ್ಟೇ. ಮೀಸಲು ಅಂತ ಬೋರ್ಡ್ ಹಾಕಿದ ಕಡೆ ಮೊಸಳೆ ನಿಜವಾಗಿ ಜಾಸ್ತಿ ಆಗಿವೆಯಾ? ಎಲ್ಲಿ, ಎಷ್ಟು, ಯಾಕೆ? ಗೊತ್ತಿದ್ದವರು ಹೇಳಿ. ಗ್ರಾಮಸಭೆಯಲ್ಲಿ ಮಾತಾಡಬೇಕಿದೆ.

ಕೇಂದ್ರಪಾಡಾ ಕನ್ನಡತಿ:
ಅಣ್ಣ, ನಾನು ಕೆಲಸದ ಮೇಲೆ ಒಡಿಶಾದಲ್ಲಿ ಇದ್ದೀನಿ. ನಿಮ್ಮ ಪ್ರಶ್ನೆಗೆ "ಹೌದು, ಆಗ್ತವೆ" ಅಂತ ತೋರಿಸುವ ದೊಡ್ಡ ಉದಾಹರಣೆ ನನ್ನ ಪಕ್ಕದಲ್ಲೇ ಇದೆ. ಭಿತರಕನಿಕಾ. ಬ್ರಾಹ್ಮಣಿ, ಬೈತರಣಿ ನದಿಗಳು ಸಮುದ್ರ ಸೇರುವ ಜಾಗ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕೆಸರು, ತೊರೆಗಳ ಜಾಲ.

ಇಲ್ಲಿರೋದು ಉಪ್ಪುನೀರಿನ ಮೊಸಳೆ. ನಿಮ್ಮ ಕೃಷ್ಣೆಯ ಮೊಸಳೆಗಿಂತ ತುಂಬಾ ದೊಡ್ಡದು, ಸ್ವಭಾವದಲ್ಲೂ ಗಡುಸು. ಚರ್ಮಕ್ಕಾಗಿ ಬೇಟೆಯಾಡಿ 1970ರ ದಶಕದ ಹೊತ್ತಿಗೆ ನೂರಕ್ಕೂ ಕಮ್ಮಿ ಉಳಿದಿದ್ದವು. 1975ರಲ್ಲಿ ಅಭಯಾರಣ್ಯ ಆಯಿತು. ಅದೇ ವರ್ಷ ಕೇಂದ್ರ ಸರ್ಕಾರ ವಿಶ್ವಸಂಸ್ಥೆಯ ನೆರವಿನಿಂದ ಮೊಸಳೆ ಯೋಜನೆ ಶುರು ಮಾಡಿತು. ಡಾಂಗಮಾಲ್ ಅನ್ನೋ ಕಡೆ ಮೊಟ್ಟೆ ತಂದು ಮರಿ ಮಾಡಿಸಿ, ಸಾಕಿ, ಸ್ವಲ್ಪ ದೊಡ್ಡದಾದ ಮೇಲೆ ನೀರಿಗೆ ಬಿಟ್ಟರು. 2024ರ ಜನವರಿಯ ಎಣಿಕೆಯಲ್ಲಿ ಸಿಕ್ಕಿದ್ದು 1,811.

ಆದರೆ ಇದನ್ನು ಬರೀ ಗೆಲುವಿನ ಕಥೆ ಅಂತ ಹೇಳೋಕೆ ನನಗೆ ಮನಸ್ಸು ಬರಲ್ಲ. ಗಡಿ ಎಲ್ಲಿ ಮುಗಿಯುತ್ತೆ ಅಂತ ಮೊಸಳೆಗೆ ಗೊತ್ತಿಲ್ಲ. ಸುತ್ತಲಿನ ಹಳ್ಳಿಗಳ ಹೊಳೆ, ಕಾಲುವೆ, ಕೆರೆಗೂ ಬರ್ತವೆ. ಬಟ್ಟೆ ಒಗೆಯೋಕೆ, ಸ್ನಾನಕ್ಕೆ, ಏಡಿ ಹಿಡಿಯೋಕೆ ಇಳಿದವರು ಸತ್ತಿದ್ದಾರೆ. ಬಹುತೇಕ ಬಡವರು, ಅದರಲ್ಲೂ ಹೆಂಗಸರು, ಮಕ್ಕಳು. ಈಗ ಅರಣ್ಯ ಇಲಾಖೆ ಸ್ನಾನಘಟ್ಟಗಳಿಗೆ ಬೇಲಿ ಕಟ್ಟಿಸುತ್ತಿದೆ. ಆ ಬೇಲಿ ಮೊದಲ ದಿನದಿಂದಲೇ ಯೋಜನೆಯಲ್ಲಿ ಇರಬೇಕಿತ್ತು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮರಳುದಿಬ್ಬ:
ಅಕ್ಕ ಹೇಳಿದ್ದು ಸರಿ. ಆದರೆ ಅದೇ ಒಡಿಶಾದಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಕಥೆಯೂ ಇದೆ, ಅದನ್ನೂ ಪಕ್ಕದಲ್ಲಿ ಇಟ್ಟು ನೋಡಬೇಕು. ಮಹಾನದಿಯ ಸಾತ್ಕೋಸಿಯಾ ಕಣಿವೆ. 1976ರಲ್ಲಿ ಅಭಯಾರಣ್ಯ ಆಯಿತು. ಟಿಕರಪಾಡಾದಲ್ಲಿ ಘರಿಯಾಲ್ ಸಾಕಣೆ ಕೇಂದ್ರ ಬಂತು. ಘರಿಯಾಲ್ ಅಂದರೆ ಉದ್ದ ಸಣ್ಣ ಮೂತಿಯ, ಮೀನು ತಿಂದು ಬದುಕುವ ಮೊಸಳೆ. ಮನುಷ್ಯರ ತಂಟೆಗೆ ಬರೋದಲ್ಲ. ವರ್ಷ ವರ್ಷ ಮರಿ ಬಿಟ್ಟರು, ಒಟ್ಟು ನೂರಾರು. ಅಭಯಾರಣ್ಯ ಇತ್ತು, ಸಿಬ್ಬಂದಿ ಇದ್ದರು, ಮರಿಗಳೂ ಇದ್ದವು. ಕೊನೆಗೆ ಉಳಿದದ್ದು ಬೆರಳೆಣಿಕೆಯಷ್ಟು. 2021ರಲ್ಲಿ ಅಲ್ಲಿ 28 ಮರಿ ಕಂಡಾಗ ಅದು ದೊಡ್ಡ ಸುದ್ದಿ ಆಯಿತು. ಯಾಕೆಂದರೆ ನಾಲ್ಕು ದಶಕ ಅಲ್ಲಿ ಹೊಳೆಯಲ್ಲೇ ಹುಟ್ಟಿದ ಮರಿಯೇ ಕಂಡಿರಲಿಲ್ಲ.

ಯಾಕೆ ಹೀಗೆ? ಮೇಲ್ಗಡೆ ಹಿರಾಕುಡ್ ಅಣೆಕಟ್ಟು. ನೀರಿನ ಏರಿಳಿತ, ಮರಳಿನ ಬರುವಿಕೆ ಎಲ್ಲ ಬದಲಾಯಿತು. ಇನ್ನೊಂದು, ಮೀನಿನ ಬಲೆ. ಘರಿಯಾಲ್ ಮೂತಿಯ ತುಂಬಾ ಹಲ್ಲು, ನೈಲಾನ್ ಬಲೆಗೆ ಸಿಕ್ಕರೆ ಬಿಡಿಸಿಕೊಳ್ಳೋಕೆ ಆಗಲ್ಲ. ಮೊಸಳೆಗೂ ಉಸಿರಾಡಲು ಮೇಲೆ ಬರಲೇಬೇಕು, ಬಲೆಯೊಳಗೆ ಸಿಕ್ಕಿಕೊಂಡರೆ ಮುಳುಗಿ ಸಾಯುತ್ತೆ. ಈಚೆಗೆ ಘರಿಯಾಲ್ ಸಿಕ್ಕಿದ ಬಲೆ ಕತ್ತರಿಸಿ ಬಿಟ್ಟ ಮೀನುಗಾರರಿಗೆ ಬಲೆಯ ಹಣ ಕೊಡುವ ಏರ್ಪಾಡು ಮಾಡಿದ್ದಾರೆ. ನನ್ನ ಪ್ರಕಾರ ಆ ನದಿಯಲ್ಲಿ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದು ಒಂದು.

ಕೃಷ್ಣಾ ದಂಡೆ:
ಅಂದರೆ ಒಂದೇ ರಾಜ್ಯ, ಒಂದೇ ಕಾಲ, ಒಂದೇ ಯೋಜನೆ. ಒಂದು ಕಡೆ ನೂರರಿಂದ ಸಾವಿರದೆಂಟುನೂರು, ಇನ್ನೊಂದು ಕಡೆ ಶೂನ್ಯದ ಹತ್ತಿರ. ಹಾಗಾದರೆ ಅಭಯಾರಣ್ಯ ಅನ್ನೋದರಿಂದ ಆಗಿದ್ದೇನು?

ಮರಳುದಿಬ್ಬ:
ಅದಕ್ಕೆ ಚಂಬಲ್ ಕಥೆ ಹೇಳಲೇಬೇಕು. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ. ನಾನು ಅಲ್ಲಿನ ಚಳಿಗಾಲದ ಎಣಿಕೆಗಳಲ್ಲಿ ಸ್ವಯಂಸೇವಕನಾಗಿ ಹೋಗಿದ್ದೇನೆ, ಆ ಹೊಳೆಯ ಬಗ್ಗೆ ನನಗೆ ವಿಶೇಷ ಪ್ರೀತಿ ಇದೆ.

ರಾಷ್ಟ್ರೀಯ ಚಂಬಲ್ ಅಭಯಾರಣ್ಯ ಆಗಿದ್ದು 1979ರಲ್ಲಿ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶ, ಮೂರೂ ರಾಜ್ಯ ಸೇರುತ್ತವೆ. ಉಳಿದ ಅಭಯಾರಣ್ಯಗಳ ಹಾಗೆ ಕಾಡಿನ ತುಂಡಲ್ಲ ಇದು. ನದಿಯೇ ಅಭಯಾರಣ್ಯ. ನದಿ ಜೊತೆಗೆ ಎರಡೂ ದಡದಲ್ಲಿ ಸುಮಾರು ಒಂದೊಂದು ಕಿ.ಮೀ ಪಟ್ಟಿ. ಆಗ ದೇಶದಲ್ಲಿ ಉಳಿದಿದ್ದ ಘರಿಯಾಲ್ 200ಕ್ಕೂ ಕಮ್ಮಿ ಅಂತ ಅಂದಾಜು. ಚಂಬಲ್‌ನಲ್ಲಿ ಎಣಿಸಿದಾಗ ಸಿಕ್ಕಿದ್ದು ಸುಮಾರು ನೂರು. ಮೊಟ್ಟೆಗಳನ್ನು ಲಖನೌದ ಕುಕ್ರೈಲ್, ಮೊರೆನಾದ ದೇವರಿ ಕೇಂದ್ರಗಳಲ್ಲಿ ಮರಿ ಮಾಡಿಸಿ, ನಾಲ್ಕಡಿ ಉದ್ದ ಆಗೋವರೆಗೆ ಸಾಕಿ ನದಿಗೆ ಬಿಟ್ಟರು. 1990ರ ದಶಕದ ಹೊತ್ತಿಗೆ ಸಾವಿರ ದಾಟಿತು. ಎಲ್ಲರೂ ಗೆದ್ದೆವು ಅಂದುಕೊಂಡರು. ಕೇಂದ್ರದ ಹಣವೂ ನಿಂತಿತು.

ಆಮೇಲೆ ಕುಸಿತ. 1997ರಲ್ಲಿ ಎಲ್ಲ ನದಿಗಳೂ ಸೇರಿ ಮೊಟ್ಟೆ ಇಡುವ ವಯಸ್ಸಿನ ಘರಿಯಾಲ್ 436 ಇದ್ದವು. 2006ರಲ್ಲಿ 182. ಹತ್ತು ವರ್ಷದೊಳಗೆ ಅರ್ಧಕ್ಕಿಂತ ಜಾಸ್ತಿ ಹೋಯಿತು. 2007ರಲ್ಲಿ ಅಳಿವಿನ ಅಂಚಿನ ಅತಿ ಕೆಟ್ಟ ಪಟ್ಟಿಗೆ ಸೇರಿತು. ಅದೇ ಚಳಿಗಾಲ, ಅಂದರೆ 2007ರ ಡಿಸೆಂಬರ್‌ನಿಂದ 2008ರ ಮಾರ್ಚ್‌ವರೆಗೆ, ಚಂಬಲ್‌ನ ಕೆಳಭಾಗದಲ್ಲಿ ನೂರಕ್ಕೂ ಹೆಚ್ಚು ಘರಿಯಾಲ್ ಸತ್ತು ತೇಲಿದವು. ಕೊಯ್ದು ನೋಡಿದರೆ ಕಿಡ್ನಿ ಹಾಳಾಗಿತ್ತು, ಮೈಯೊಳಗೆ ಯೂರಿಕ್ ಆಮ್ಲ ಕಟ್ಟಿಕೊಂಡಿತ್ತು. ಸಂಶಯ ಯಮುನೆಯ ಕಡೆಗೆ ಹೋಯಿತು. ಚಂಬಲ್ ಶುದ್ಧ ನದಿ, ಆದರೆ ಅದು ಯಮುನೆಗೆ ಸೇರುವ ಜಾಗದ ಹತ್ತಿರವೇ ಸಾವು ಜಾಸ್ತಿ. ಯಮುನೆಯ ಮೀನು ಚಂಬಲ್‌ಗೆ ಬರ್ತವೆ, ಘರಿಯಾಲ್ ಅದನ್ನು ತಿನ್ನುತ್ತವೆ. ಯಾವ ವಿಷ ಅಂತ ಕೊನೆಗೂ ಬೆರಳಿಟ್ಟು ತೋರಿಸಲು ತನಿಖೆಗೆ ಆಗಲಿಲ್ಲ.

ಈಚಿನ ವರ್ಷಗಳಲ್ಲಿ ಮತ್ತೆ ಏರಿದೆ. ಈಗಿನ ಎಣಿಕೆ 2,000 ದಾಟಿದೆ. ಪ್ರಪಂಚದ ಘರಿಯಾಲ್‌ಗಳಲ್ಲಿ ಬಹುಪಾಲು ಈ ಒಂದೇ ನದಿಯಲ್ಲಿವೆ.

ಗಮನಿಸಿ, ಈ ಎಲ್ಲ ಕಾಲದಲ್ಲೂ ಅಭಯಾರಣ್ಯದ ಗಡಿ ಹೆಚ್ಚುಕಮ್ಮಿ ಹಾಗೇ ಇತ್ತು. ಕಾಗದ ಹೆಚ್ಚೇನೂ ಬದಲಾಗಲಿಲ್ಲ. ಸಂಖ್ಯೆ ಏರಿತು, ಬಿತ್ತು, ಮತ್ತೆ ಏರಿತು. ಬದಲಾಗಿದ್ದು ನೀರು, ಮರಳು, ಬಲೆ.

ಹೆಣ್ಣು ಘರಿಯಾಲ್ ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಎತ್ತರದ ಮರಳ ದಿಬ್ಬದಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತೆ. ಮೇ ಕೊನೆ, ಜೂನ್‌ನಲ್ಲಿ ಮರಿ. ಮಳೆಗಾಲದ ಪ್ರವಾಹ ಬರೋದರೊಳಗೆ ಅವು ಗಟ್ಟಿಯಾಗಬೇಕು, ಬಹುಪಾಲು ಆಗಲ್ಲ, ಕೊಚ್ಚಿ ಹೋಗ್ತವೆ. ಈಗ ಯೋಚಿಸಿ. ಅದೇ ಏಪ್ರಿಲ್‌ನಲ್ಲೇ ಮರಳು ಟ್ರ್ಯಾಕ್ಟರ್‌ಗಳು ದಿಬ್ಬಕ್ಕೆ ಇಳಿಯುತ್ತವೆ. ಅದೇ ಬೇಸಿಗೆಯಲ್ಲೇ ಬಡ ರೈತರು ಮರಳ ಮೇಲೆ ಕಲ್ಲಂಗಡಿ, ಸೌತೆ ಬೆಳೆಯುತ್ತಾರೆ. ಅದೇ ಹೊತ್ತಿಗೆ ಗಾಂಧಿಸಾಗರ, ಕೋಟಾ ಬ್ಯಾರೇಜ್‌ಗಳಲ್ಲಿ ನೀರು ನಿಂತು ಕೆಳಗಿನ ಹರಿವು ಸಣ್ಣದಾಗುತ್ತೆ. ಹರಿವು ಸಣ್ಣದಾದರೆ ನಡುಗಡ್ಡೆ ದಡಕ್ಕೆ ಅಂಟಿಕೊಳ್ಳುತ್ತೆ. ನಾಯಿ, ನರಿ ನಡೆದುಕೊಂಡೇ ಮೊಟ್ಟೆ ಹತ್ತಿರ ಹೋಗ್ತವೆ. ಈ ಅಣೆಕಟ್ಟುಗಳೆಲ್ಲ ಘರಿಯಾಲ್ ಇರುವ ಜಾಗಕ್ಕಿಂತ ಎಷ್ಟೋ ಮೇಲೆ. ಅಭಯಾರಣ್ಯದ ಅಧಿಕಾರಿಗೆ ಅಲ್ಲಿನ ಗೇಟಿನ ಮೇಲೆ ಯಾವ ಹಿಡಿತವೂ ಇಲ್ಲ.

ಹಾಗಾಗಿ ನನ್ನ ಉತ್ತರ ಇದು: ಹೊಳೆಯ ಮೀಸಲು ಮೊಸಳೆಯನ್ನು ಹುಟ್ಟಿಸಲ್ಲ. ಮೊಟ್ಟೆ ಇಡೋ ದಿಬ್ಬ, ಬೇಸಿಗೆಯ ನೀರು, ಬಲೆ ಇಲ್ಲದ ಮಡು, ಈ ಮೂರನ್ನು ಕಾಯುವ ಅಧಿಕಾರ ಕೊಡುತ್ತೆ. ಅಧಿಕಾರ ಬಳಸಿದರೆ ಮೊಸಳೆ, ಬಳಸದಿದ್ದರೆ ಬರೀ ಬೋರ್ಡ್.

ದಾಂಡೇಲಿ ಕಾಳಿ:
ಮೀಸಲು ಹೊರಗೇ ಮೊಸಳೆ ಜಾಸ್ತಿ ಇರೋದಕ್ಕೆ ನಮ್ಮೂರೇ ಸಾಕ್ಷಿ. ಪಕ್ಕದಲ್ಲೇ ಹುಲಿ ಸಂರಕ್ಷಿತ ಪ್ರದೇಶ ಇದೆ. ಆದರೆ ಮೊಸಳೆ ಗುಂಪು ನೋಡಬೇಕು ಅಂದರೆ ಪ್ರವಾಸಿಗರು ಬರೋದು ಊರಿನ ಅಂಚಿನ ಕಾಳಿ ನದಿಗೆ. ಕಾರಣ ಎಲ್ಲರಿಗೂ ಗೊತ್ತು. ಕೋಳಿ, ಮಾಂಸದ ಅಂಗಡಿಯ ಹೊಲಸು ಹೊಳೆಗೆ ಬೀಳುತ್ತೆ. ಸುಲಭದ ಊಟ ಇರುವ ಕಡೆ ಮೊಸಳೆ ಸೇರುತ್ತೆ. 2021ರಲ್ಲಿ ಗಾಳ ಹಾಕ್ತಿದ್ದ ಹುಡುಗನನ್ನು ಎಳೆದುಕೊಂಡು ಹೋಯಿತು. ಆ ಮನೆಯವರ ನೋವು ಊರು ಇನ್ನೂ ಮರೆತಿಲ್ಲ.

ಹೊಲಸು ಹಾಕೋದನ್ನು ನಿಲ್ಲಿಸೋಕೆ ಯಾವ ಅಭಯಾರಣ್ಯವೂ ಬೇಕಿಲ್ಲ. ನಗರಸಭೆ ಮನಸ್ಸು ಮಾಡಿದರೆ ಸಾಕು.

ಮರಳುದಿಬ್ಬ:
ವಡೋದರಾದ ವಿಶ್ವಾಮಿತ್ರಿ ನದಿಯದ್ದೂ ಇದೇ ಕಥೆ. ದೊಡ್ಡ ನಗರದ ನಡುವೆ ಹರಿಯುವ ನದಿ, ಅಭಯಾರಣ್ಯ ಅಲ್ಲ, ನೂರಾರು ಮೊಸಳೆ. ಕೃಷ್ಣೆ, ಕಾಳಿಯಲ್ಲಿರುವ ನಮ್ಮ ಸಿಹಿನೀರಿನ ಮೊಸಳೆ ಘರಿಯಾಲ್ ಹಾಗೆ ನಾಜೂಕಲ್ಲ. ಕೆರೆ, ಕಾಲುವೆ, ಹಿನ್ನೀರು, ಎಲ್ಲಿ ಬೇಕಾದರೂ ಒಗ್ಗುತ್ತೆ. ದಡದಲ್ಲಿ ಬಿಲ ತೋಡಿಕೊಂಡು ಬೇಸಿಗೆ ಕಳೆಯುತ್ತೆ. ಮರಳೇ ಬೇಕು ಅಂತಿಲ್ಲ, ಮಣ್ಣಿನ ದಡದಲ್ಲೂ ಮೊಟ್ಟೆ ಇಡುತ್ತೆ. ಅದಕ್ಕೇ ಘರಿಯಾಲ್‌ಗೆ ಮೀಸಲು ಬದುಕಿನ ಪ್ರಶ್ನೆ, ಸಿಹಿನೀರಿನ ಮೊಸಳೆಗೆ ಅಷ್ಟಿಲ್ಲ.

ಡಾರ್ವಿನ್‌ನಿಂದ:
ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ ಇರೋ ಕನ್ನಡಿಗ ನಾನು. ಒಂದು ಸಣ್ಣ ಮಾತು ಸೇರಿಸ್ತೀನಿ. ಇಲ್ಲಿ 1971ರಲ್ಲಿ ಉಪ್ಪುನೀರಿನ ಮೊಸಳೆಯ ಬೇಟೆ ನಿಷೇಧ ಆಯಿತು. ಆಗ ಸುಮಾರು 3,000 ಉಳಿದಿದ್ದವು ಅಂತ ಅಂದಾಜು. ಈಗ ಸುಮಾರು ಒಂದು ಲಕ್ಷ. ಕಾಕಡು ಥರದ ದೊಡ್ಡ ಉದ್ಯಾನಗಳು ಇವೆ, ನಿಜ. ಆದರೆ ಉದ್ಯಾನದ ಹೊರಗಿನ ನದಿಗಳಲ್ಲೂ ತುಂಬಿಕೊಂಡವು. ಕೊಲ್ಲೋದು ನಿಂತಿತು, ನದಿಗಳು ಕೆಟ್ಟಿರಲಿಲ್ಲ, ಅಷ್ಟೇ ಸಾಕಾಯಿತು. ಊರಿನ ಹತ್ತಿರ ಬಂದ ಮೊಸಳೆಯನ್ನು ಹಿಡಿದು ತೆಗೆಯೋಕೆ ಇಲ್ಲಿ ಪ್ರತ್ಯೇಕ ತಂಡವೇ ಇದೆ. ಶಾಲೆ ಮಕ್ಕಳಿಗೂ ಪಾಠ ಮಾಡ್ತಾರೆ.

ಕಂಪ್ಲಿ ಹರಿಗೋಲು:
ಇಷ್ಟೊತ್ತು ಸುಮ್ನೆ ಓದ್ತಾ ಇದ್ದೆ. ನಮ್ಮ ಮನೆತನದ್ದು ಮೀನುಗಾರಿಕೆ, ತುಂಗಭದ್ರಾ ಹೊಳೆ. ನಮ್ಮ ಹೊಳೆಗೆ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಬಂತು. ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗೆ, 34 ಕಿ.ಮೀ. ಹಂಪಿಯೂ ಇದರೊಳಗೇ ಬರುತ್ತೆ. ಮೊಸಳೆ ಇದ್ದಾವೆ, ಮುಂಚೆಯೂ ಇದ್ದವು. ಹಂಪಿ ದಡದಲ್ಲಿ ಮೊಸಳೆ ಇದೆ, ಇಳಿಯಬೇಡಿ ಅಂತ ಬೋರ್ಡ್ ನೋಡಿರ್ತೀರಿ.

ಮೀನುಗಾರರನ್ನೇ ಕಳ್ಳರ ಥರ ನೋಡಬೇಡಿ ಅಂತ ಕೇಳಿಕೊಳ್ತೀನಿ. ಹೊಳೆ ಕೆಡಿಸಿದ್ದು ಹರಿಗೋಲಲ್ಲಿ ಬಲೆ ಹಾಕೋ ನಾವಲ್ಲ. ಸಿಡಿಮದ್ದು ಹಾಕಿ ಮಡುವನ್ನೇ ಸಾಯಿಸುವವರು ಬೇರೆ. ಮದ್ದು ಸಿಡಿದರೆ ದೊಡ್ಡ ಮೀನು, ಮರಿ ಮೀನು ಎಲ್ಲ ಒಟ್ಟಿಗೆ ಹೋಗುತ್ತೆ. ಆಮೇಲೆ ನೀರುನಾಯಿಗೂ ಇಲ್ಲ, ಮೊಸಳೆಗೂ ಇಲ್ಲ, ನಮಗೂ ಇಲ್ಲ. ಅದನ್ನು ತಡೆಯೋ ಮೀಸಲು ಆದರೆ ನಮ್ಮ ಕೇರಿಯೇ ಮುಂದೆ ನಿಂತು ಬೇಕು ಅನ್ನುತ್ತೆ. ಬಲೆ ಕಿತ್ತುಕೊಳ್ಳೋ ಮೀಸಲು ಆದರೆ ಬೇಡ.

ಹಸಿರು ಕಾನೂನು:
ಕಂಪ್ಲಿ ಅಣ್ಣನ ಮಾತು ಮುಖ್ಯ. ಇಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿಹೋಗುತ್ತಿವೆ, ಬಿಡಿಸಿ ಹೇಳ್ತೀನಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮ ಮೂರೂ ಜಾತಿಯ ಮೊಸಳೆ ಮೊದಲನೇ ಅನುಸೂಚಿಯಲ್ಲಿವೆ. ಅಂದರೆ ಮೀಸಲು ಇರಲಿ, ಇಲ್ಲದಿರಲಿ, ಮೊಸಳೆ ಕೊಲ್ಲೋದು ಎಲ್ಲ ಕಡೆಯೂ ಅಪರಾಧ. ಕೃಷ್ಣೆಯಲ್ಲಿ ಈಗಲೇ ಅವು ರಕ್ಷಿತ. ಮೀಸಲು ಆದ ಮೇಲೆ ಹೊಸದಾಗಿ ಬರುವ ರಕ್ಷಣೆ ಜಾಗಕ್ಕೆ.

ಎರಡನೇದು, ಅಭಯಾರಣ್ಯ ಬೇರೆ, ಸಂರಕ್ಷಣಾ ಮೀಸಲು ಬೇರೆ. ಅಭಯಾರಣ್ಯ ಆದರೆ ಜನರ ಹಕ್ಕುಗಳನ್ನು ಜಿಲ್ಲಾಧಿಕಾರಿ ವಿಚಾರಣೆ ಮಾಡಿ ತೀರ್ಮಾನಿಸಬೇಕು, ನಿರ್ಬಂಧ ಜಾಸ್ತಿ. ಸಂರಕ್ಷಣಾ ಮೀಸಲು ಅನ್ನೋದು ಕಾಯ್ದೆಯ 36ಎ ಕಲಂ ಪ್ರಕಾರ ಸರ್ಕಾರಿ ಜಾಗದಲ್ಲಿ ಆಗೋದು. ಘೋಷಿಸುವ ಮುಂಚೆ ಸ್ಥಳೀಯರ ಜೊತೆ ಸಮಾಲೋಚನೆ ಮಾಡಲೇಬೇಕು. 36ಬಿ ಪ್ರಕಾರ ಅದಕ್ಕೊಂದು ನಿರ್ವಹಣಾ ಸಮಿತಿ ಇರಬೇಕು, ಅದರಲ್ಲಿ ಆ ಮೀಸಲು ಬರುವ ಪ್ರತಿ ಗ್ರಾಮ ಪಂಚಾಯಿತಿಯ ಒಬ್ಬ ಪ್ರತಿನಿಧಿಗೆ ಜಾಗ ಇದೆ. ಅರ್ಜಿ ಬರೆಯುವ ಹುಡುಗರು ಯಾವ ಬಗೆಯ ಮೀಸಲು ಕೇಳ್ತಿದ್ದಾರೆ ಅಂತ ಮೊದಲು ನೋಡಿ. ಆ ಒಂದು ಪದದ ಮೇಲೆ ನಿಮ್ಮ ದನ, ಪಂಪ್‌ಸೆಟ್, ಬಲೆ ಎಲ್ಲ ನಿಂತಿದೆ.

ಶ್ರೀರಂಗಪಟ್ಟಣ:
ರಂಗನತಿಟ್ಟು ಯಾರೂ ಹೇಳಲಿಲ್ಲವಲ್ಲ. 1940ರಲ್ಲಿ ಸಲೀಂ ಅಲಿಯವರ ಮಾತಿನ ಮೇಲೆ ಮೈಸೂರು ಮಹಾರಾಜರು ಮಾಡಿಸಿದ ಪಕ್ಷಿಧಾಮ. ಹಕ್ಕಿಗೆ ಅಂತ ಮಾಡಿದ್ದು, ಮೊಸಳೆಯೂ ಉಳಿಯಿತು. ಅಳತೆ ಒಂದು ಚದರ ಕಿ.ಮೀ ಕೂಡ ಇಲ್ಲ. ಆದರೂ ದೋಣಿಯಲ್ಲಿ ಹೋದರೆ ಬಂಡೆ ಮೇಲೆ ಬಿಸಿಲಿಗೆ ಮಲಗಿರೋದು ಕಾಣುತ್ತೆ. ನಡುಗಡ್ಡೆಗೆ ಜನ ಕಾಲಿಡಲ್ಲ, ಕಲ್ಲು ಹೊಡೆಯಲ್ಲ, ಅದೇ ಕಾರಣ. ಸಣ್ಣ ಜಾಗವಾದರೂ ಸರಿಯಾದ ಜಾಗ ಆಗಿರಬೇಕು.

ಮರಳುದಿಬ್ಬ:
ಒಳ್ಳೆ ಮಾತು ಸರ್. ಅದರಲ್ಲೇ ಇನ್ನೊಂದು ವಿಷಯವೂ ಇದೆ. ರಂಗನತಿಟ್ಟಿನ ಮೊಸಳೆಗೆ ದೋಣಿ ಅಭ್ಯಾಸ, ಹೆದರಲ್ಲ, ಹಾಗಾಗಿ ಎಲ್ಲರಿಗೂ ಕಾಣುತ್ತೆ. ಜನ ಓಡಿಸುವ ಹೊಳೆಯಲ್ಲಿ ಎಂಜಿನ್ ಸದ್ದು ಕೇಳಿದ ಕೂಡಲೇ ಮುಳುಗುತ್ತೆ. ಎಣಿಸುವವನಿಗೆ ಸಿಗಲ್ಲ. ಆಮೇಲೆ ಮೀಸಲಿನಲ್ಲಿ ನೂರು, ಹೊರಗೆ ಹತ್ತು ಅಂತ ವರದಿ ಬರುತ್ತೆ. ಅದರಲ್ಲಿ ಎಷ್ಟು ನಿಜವಾದ ವ್ಯತ್ಯಾಸ, ಎಷ್ಟು ಬರೀ ಹೆದರಿಕೆಯ ವ್ಯತ್ಯಾಸ ಅಂತ ಬೇರ್ಪಡಿಸದೆ ಯಾವ ತೀರ್ಮಾನಕ್ಕೂ ಬರಬಾರದು. ಈ ವಿಷಯದಲ್ಲಿ ನನಗೆ ತುಂಬಾ ಕಾಳಜಿ ಇದೆ, ಯಾಕೆಂದರೆ ತಪ್ಪು ಸಂಖ್ಯೆಯಿಂದ ತಪ್ಪು ಹಣ, ತಪ್ಪು ಭಯ ಎರಡೂ ಹುಟ್ಟುತ್ತೆ.

ಎಣಿಸೋದು ಎರಡು ಥರ. ಚಳಿಗಾಲದ ಬೆಳಿಗ್ಗೆ, ಡಿಸೆಂಬರ್‌ನಿಂದ ಫೆಬ್ರವರಿ, ನೀರು ತಣ್ಣಗಿರುತ್ತೆ, ಅವು ಬಿಸಿಲು ಕಾಯಿಸಲು ದಡಕ್ಕೆ ಬರಲೇಬೇಕು. ಆಗ ದುರ್ಬೀನು ಹಿಡಿದು ಎಣಿಸ್ತಾರೆ. ಇನ್ನೊಂದು ರಾತ್ರಿ. ಟಾರ್ಚ್ ಬಿಟ್ಟರೆ ಕಣ್ಣು ಕೆಂಪಗೆ ಹೊಳೆಯುತ್ತೆ. ಎಷ್ಟೋ ಸಲ ಗಾತ್ರ ಗೊತ್ತಾಗಲ್ಲ, ಬರೀ "ಕಣ್ಣು" ಅಂತ ಬರೆದುಕೊಳ್ತಾರೆ. ಒಂದೇ ಜಾಗ, ಒಂದೇ ಕ್ರಮ, ಒಂದೇ ತಿಂಗಳು, ವರ್ಷ ವರ್ಷ ಮಾಡಿದರೆ ಮಾತ್ರ ಏರಿತೋ ಇಳಿಯಿತೋ ಹೇಳಬಹುದು.

ಇನ್ನೊಂದು ಮಾತು. ಬರೀ ಒಟ್ಟು ಸಂಖ್ಯೆ ನೋಡಬೇಡಿ. ಸಾಕಿ ಬಿಟ್ಟ ಮರಿಗಳಿಂದಲೂ ಒಟ್ಟು ಸಂಖ್ಯೆ ಏರುತ್ತೆ. ಗೂಡು ಎಷ್ಟು, ಮೊಟ್ಟೆ ಇಡೋ ಹೆಣ್ಣು ಎಷ್ಟು ಅಂತ ಕೇಳಿ. ಸಾತ್ಕೋಸಿಯಾದಲ್ಲಿ ಸೋತಿದ್ದು ಅಲ್ಲೇ.

ಕೃಷ್ಣಾ ದಂಡೆ:
ಎಲ್ಲರಿಗೂ ತುಂಬಾ ಧನ್ಯವಾದ. ನಮ್ಮ ಹಿರಿಯರಿಗೆ ಹೇಳೋಕೆ ನನಗೆ ಸಿಕ್ಕಿದ್ದು ಇದು: ಮೊಸಳೆ ಈಗಲೇ ಕಾನೂನಿನ ರಕ್ಷಣೆಯಲ್ಲಿದೆ, ಹಿನ್ನೀರು ಇರೋವರೆಗೂ ಅವು ಇರ್ತವೆ. ಮೀಸಲು ಬೇಡ ಅಂದರೆ ಮೊಸಳೆ ಹೋಗಲ್ಲ, ಮರಳು ಲಾರಿ ಮಾತ್ರ ಉಳಿಯುತ್ತೆ. ಆದರೆ ಬೇಕು ಅನ್ನೋದಾದರೆ ಜನರ ಸುರಕ್ಷತೆಯನ್ನೂ ಅರ್ಜಿಯಲ್ಲೇ ಬರೆಸಬೇಕು. ಏನೇನು ಕೇಳಬಹುದು?

ಕೇಂದ್ರಪಾಡಾ ಕನ್ನಡತಿ:
ಬಟ್ಟೆ ಒಗೆಯುವ ಘಟ್ಟಕ್ಕೆ, ದನ ಇಳಿಯುವ ಘಟ್ಟಕ್ಕೆ ಗಟ್ಟಿ ಜಾಲರಿ ಬೇಲಿ. ಮಳೆಗಾಲದಲ್ಲಿ ಕಿತ್ತು ಹೋದರೆ ಯಾರು ಸರಿ ಮಾಡ್ತಾರೆ, ಎಷ್ಟು ದಿನದಲ್ಲಿ ಅನ್ನೋದೂ ಬರಹದಲ್ಲಿ ಇರಲಿ. ಇಲ್ಲಿ ಬೇಲಿ ಕಟ್ಟಿದ ಮೇಲೂ ಮುರಿದ ಬೇಲಿಯ ಪಕ್ಕ ಅನಾಹುತ ಆಗಿದೆ. ಮನೆಗೆ ನಲ್ಲಿ ನೀರು ಬಂದರೆ ಹೆಂಗಸರು ಹೊಳೆಗೆ ಇಳಿಯೋದೇ ಕಮ್ಮಿ ಆಗುತ್ತೆ, ಅದನ್ನೂ ಸೇರಿಸಿ.

ಹಸಿರು ಕಾನೂನು:
ಸಮಿತಿಯಲ್ಲಿ ಪಂಚಾಯಿತಿಯಿಂದ ಮೀನುಗಾರರೊಬ್ಬರನ್ನು ಕಳಿಸಬೇಕು ಅಂತ ಗ್ರಾಮಸಭೆಯಲ್ಲೇ ಠರಾವು ಮಾಡಿಸಿ. ಆಮೇಲೆ ಕೇಳಿದರೆ ತಡ ಆಗುತ್ತೆ.

ದಾಂಡೇಲಿ ಕಾಳಿ:
ಮಾಂಸದ ಹೊಲಸು ಹೊಳೆಗೆ ಹಾಕಬಾರದು ಅನ್ನೋದು ಮೊದಲನೇ ಸಾಲಲ್ಲೇ ಇರಲಿ. ಮೊಸಳೆಗೆ ಕೋಳಿ ಎಸೆದು ಫೋಟೋ ತೆಗೆಯೋರಿಗೆ ದಂಡವೂ ಇರಲಿ.

ಮರಳುದಿಬ್ಬ:
ಘೋಷಣೆಗೆ ಮುಂಚೆಯೇ ಒಂದು ಚಳಿಗಾಲ ಪೂರ್ತಿ ಎಣಿಕೆ ಆಗಲಿ. ಇಲ್ಲದಿದ್ದರೆ ಐದು ವರ್ಷ ಬಿಟ್ಟು "ಮೀಸಲಿನಿಂದ ಮೊಸಳೆ ಹೆಚ್ಚಾಯಿತು" ಅಂತ ಒಬ್ಬರು, "ಇಲ್ಲ" ಅಂತ ಇನ್ನೊಬ್ಬರು ಜಗಳ ಆಡ್ತಾರೆ, ಯಾರ ಹತ್ತಿರವೂ ಮೊದಲಿನ ಲೆಕ್ಕ ಇರಲ್ಲ. ಎಣಿಕೆಗೆ ನಿಮ್ಮೂರ ಮೀನುಗಾರರನ್ನು ಕರೆದುಕೊಳ್ಳಲಿ. ಯಾವ ಮಡುವಿನಲ್ಲಿ ಯಾವುದು ಇದೆ ಅಂತ ಅವರಷ್ಟು ಬೇರೆ ಯಾರಿಗೂ ಗೊತ್ತಿರಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಿಮ್ಮ ಕಡೆಯ ಸಿಹಿನೀರಿನ ಮೊಸಳೆ ಮೊಟ್ಟೆ ಇಡುವ ಕಾಲ, ಆ ದಡಗಳನ್ನು ಗುರುತು ಮಾಡಿಸಿ. ಜನ ಅಲ್ಲಿಂದ ದೂರ ಇದ್ದರೆ ಗೂಡು ಕಾಯುವ ತಾಯಿ ಮೊಸಳೆಯಿಂದ ಆಗುವ ಅಪಾಯವೂ ತಪ್ಪುತ್ತೆ.

ಕೃಷ್ಣಾ ದಂಡೆ:
ಬರೆದುಕೊಂಡೆ. ಇದರ ಜೊತೆ ಹೊಳೆದಂಡೆಯ ಪಂಪ್‌ಸೆಟ್‌ಗಳಿಗೆ ಹಗಲು ಹೊತ್ತೇ ಮೂರು ಫೇಸ್ ಕರೆಂಟ್ ಕೊಡಬೇಕು ಅಂತಲೂ ಸೇರಿಸ್ತೀನಿ. ಗ್ರಾಮಸಭೆ ಮುಂದಿನ ವಾರ ಇದೆ. ಹುಡುಗರ ಅರ್ಜಿ ಈಗಷ್ಟೇ ತರಿಸಿ ನೋಡಿದೆ, ಅದರಲ್ಲಿ "ಅಭಯಾರಣ್ಯ" ಅಂತಿದೆ. "ಸಂರಕ್ಷಣಾ ಮೀಸಲು" ಅಂತ ತಿದ್ದಿಸೋಕೆ ಇವತ್ತು ಸಂಜೆ ಅವರ ಹತ್ತಿರ ಕೂರ್ತೀನಿ.